ಗೋಡೆ ಮೊದಲಾ, ಮೋಲ್ಡ್ ಮೊದಲಾ?

ಇದು ನಮ್ಮನೆ ಅಡುಗೆಮನೆ. ಮೈಸೂರು, ಕುವೆಂಪುನಗರ. ಅಪ್ಪ ಈ ಮನೆ ಕಟ್ಟಿಸಿದ್ದು 1986ರಲ್ಲಿ. ಈಗ ಕಾಣಿಸ್ತಿದೆಯಲ್ಲ, ಕ್ಯಾಲೆಂಡರ್ ನೇತಾಡ್ತಿರೋ ಗೋಡೆ, ಇವತ್ತಿನ ಕಥೆ ಅದರದ್ದೇ. ಈ ಕಡೆ ಒಲೆ, ಆ ಕಡೆ ಹಾಲ್. ಇದನ್ನ ಒಡೆದು ಓಪನ್ ಕಿಚನ್ ಮಾಡಿಸಬೇಕು ಅನ್ನೋದು ನನ್ನ ಹೆಂಡತಿ ಆಸೆ. ನನ್ನದೂ ಅಂತ್ಲೇ ಇಟ್ಕೊಳ್ಳಿ. ಅಮ್ಮನ್ನ ಮಾತ್ರ ಯಾರೂ ಕೇಳಿರಲಿಲ್ಲ.

ಮೇಸ್ತ್ರಿ ಬಂದ್ರು. ಬಾಗಿಲ ಚೌಕಟ್ಟಿನ ಹತ್ರ ಟೇಪ್ ಹಿಡಿದ್ರು. "ಐದೂವರೆ ಇಂಚು. ಗಾರೆ ಬಿಟ್ರೆ ನಾಲ್ಕೂವರೆ. ಪಾರ್ಟಿಷನ್ ಸಾರ್ ಇದು. ಒಂದಿನದ ಕೆಲಸ, ನಾಳೆ ಇಬ್ರು ಹುಡುಗರನ್ನ ಕರ್ಕೊಂಡ್ ಬರ್ತೀನಿ."

ಈ ಲೆಕ್ಕ ಪೂರ್ತಿ ಸುಳ್ಳೇನಲ್ಲ. ನಮ್ಮ ಕಡೆ ಆ ಕಾಲದ ಮನೆಗಳಲ್ಲಿ ಸಾಮಾನ್ಯವಾಗಿ ಭಾರ ಹೊರೋದು 9 ಇಂಚಿನ ಗೋಡೆ, ರೂಮು ಬೇರೆ ಮಾಡೋಕೆ ಕಟ್ಟೋದು ನಾಲ್ಕೂವರೆ ಇಂಚಿಂದು. ಗಾರೆ ಸೇರಿದ್ರೆ ಒಂದು ಸುಮಾರು 10, ಇನ್ನೊಂದು ಐದೂವರೆ. ದಪ್ಪ ಗೋಡೆ ಸಿಕ್ತಾ, ಭಾರ ಹೊತ್ತಿದೆ ಅಂತ್ಲೇ ತಿಳ್ಕೊಂಡು ಮುಂದಿನ ಮಾತಾಡಿ. ಆದ್ರೆ ತೆಳ್ಳಗಿದೆ ಅಂದ ಮಾತ್ರಕ್ಕೆ ಸುಮ್ನೆ ನಿಂತಿದೆ ಅಂತ ಅಲ್ಲ. ಜಾಗ ಉಳಿಯುತ್ತೆ, ಇಟ್ಟಿಗೆ ಉಳಿಯುತ್ತೆ ಅಂತ ತೆಳು ಗೋಡೆ ಮೇಲೇ ಮೋಲ್ಡ್, ಅಂದ್ರೆ ಕಾಂಕ್ರೀಟ್ ತಾರಸಿ, ಕೂರಿಸಿಬಿಟ್ಟಿರ್ತಾರೆ.

ಆ ರಾತ್ರಿ ಕೂತು ವಿಡಿಯೋ ನೋಡಿದೆ. ಎಲ್ಲಾ ಅಮೆರಿಕದ ಮನೆಗಳು. ಅಟ್ಟಕ್ಕೆ ಹೋಗಿ ನೋಡಿ, ಮರದ ಜಂತೆ ಗೋಡೆಗೆ ಅಡ್ಡಡ್ಡ ಹೋಗಿದ್ರೆ ಹುಷಾರು ಅಂತಾರೆ. ಗೋಡೆ ತಟ್ಟಿ ನೋಡಿ ಅಂತಾರೆ. ನಾನೂ ತಟ್ಟಿದೆ. ನಮ್ಮನೇಲಿ ಎಲ್ಲಾ ಗೋಡೆನೂ ಒಂದೇ ಥರ ದಪ್ ಅನ್ನುತ್ತೆ. ಅಟ್ಟಾನೂ ಹತ್ತಿದೆ. ಸಿಕ್ಕಿದ್ದು ತಾಮ್ರದ ಹಂಡೆ, ನಾನು ಮಲಗಿದ್ದ ತೊಟ್ಟಿಲು. ಆ ಜಂತೆ ಲೆಕ್ಕ ನಮ್ಮಲ್ಲಿ ಹೆಂಚಿನ ಮನೆಗೆ ಸರಿ, ಹಳೇ ಮದ್ರಾಸ್ ತಾರಸಿ ಮನೆಗೆ ಸರಿ. ಅಲ್ಲಿ ತಲೆ ಎತ್ತಿದ್ರೆ ಸಾಕು, ಯಾವ ತೊಲೆ ಯಾವ ಗೋಡೆ ಮೇಲೆ ಕೂತಿದೆ ಅಂತ ಕಾಣುತ್ತೆ. ಕಾಂಕ್ರೀಟ್ ಮೋಲ್ಡ್‌ನಲ್ಲಿ ಕಂಬಿ ಹೊಟ್ಟೆ ಒಳಗಡೆ. ಕೆಳಗಿಂದ ನೋಡಿದ್ರೆ ಬರೀ ಸುಣ್ಣ.

ಬೆಳಗ್ಗೆ ಕಾಫಿ ಕುಡಿತಾ ಅಮ್ಮಂಗೆ ವಿಷಯ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. "ಆ ಗೋಡೆನಾ? ಅದರ ಮೇಲೆ ನೀರಿಳಿದು ಕಲೆ ಆಯ್ತು ಅಂತ ನಿಮ್ಮಪ್ಪ ಮೇಸ್ತ್ರಿ ಮೇಲೆ ಹೇಗೆ ರೇಗಾಡಿದ್ರು ಗೊತ್ತಾ? ಮೋಲ್ಡ್‌ಗೆ ನೀರು ಕಟ್ಟಿದ್ರಲ್ಲೋ, ಆವಾಗ."

ನಾನು ಲೋಟ ಕೆಳಗಿಟ್ಟೆ.

ಮೋಲ್ಡ್ ಹಾಕಿದ ಮೇಲೆ ತಾರಸಿ ಮೇಲೆ ಸಣ್ಣ ಸಣ್ಣ ಬದು ಕಟ್ಟಿ, ಗದ್ದೆ ಥರ ನೀರು ನಿಲ್ಲಿಸ್ತಾರೆ, ನೋಡಿರ್ತೀರ. ಆಗ ಕೆಳಗಡೆ ಸೆಂಟ್ರಿಂಗ್ ಇನ್ನೂ ಬಿಚ್ಚಿರಲ್ಲ. ಎಲ್ಲಿ ನೋಡಿದ್ರೂ ಕಂಬ, ಹಲಗೆ. ಅದರ ಮಧ್ಯೆ ಯಾರೂ ಹೊಸ ಗೋಡೆ ಕಟ್ಟೋಕಾಗಲ್ಲ. ಅಂದ್ರೆ ಆ ನೀರಿನ ಕಲೆ ಆಗೋ ಹೊತ್ತಿಗೆ ಗೋಡೆ ಅಲ್ಲೇ ಇತ್ತು. ಗೋಡೆ ಮೊದಲು, ಮೋಲ್ಡ್ ಆಮೇಲೆ. ಹಸಿ ಕಾಂಕ್ರೀಟ್ ಸುರಿದಿದ್ದೇ ಇದರ ನೆತ್ತಿ ಮೇಲೆ.

ಮೇಸ್ತ್ರಿ ಸುತ್ತಿಗೆ ಸಮೇತ ಬಂದ್ರು. "ಒಡೆಯೋದು ಬೇಡ, ಮೇಲ್ಗಡೆ ಒಂದು ಗೇಣು ಗಾರೆ ಕೆತ್ತಿಸಿ" ಅಂದೆ. ಮುಖ ಸ್ವಲ್ಪ ಚಿಕ್ಕದಾಯ್ತು. ಆದ್ರೂ ಹುಡುಗ ಸ್ಟೂಲ್ ಹತ್ತಿದ.

ಈ ಶಾಟ್ ಸ್ವಲ್ಪ ಹತ್ತಿರದಿಂದ ತೆಗೆದಿದ್ದೀನಿ, ನೋಡಿ. ಮೋಲ್ಡ್ ಆದಮೇಲೆ ಕಟ್ಟಿದ ಗೋಡೆ ಆಗಿದ್ರೆ ಕೊನೇ ವರಸೆಗೆ ಪೂರ್ತಿ ಇಟ್ಟಿಗೆ ಹಿಡಿಯೋದು ಕಷ್ಟ. ಇಟ್ಟಿಗೆ ಚೂರು, ಸಿಮೆಂಟು ತುರುಕಿ ಮುಚ್ಚಿರ್ತಾರೆ. ಅಲ್ಲೇ ಕೂದಲೆಳೆ ಅಷ್ಟು ಬಿರುಕು ಉದ್ದಕ್ಕೂ ಬಿಟ್ಕೊಂಡಿರುತ್ತೆ, ಎಷ್ಟು ಸಲ ಬಣ್ಣ ಹೊಡೆಸಿದ್ರೂ ಮತ್ತೆ ಕಾಣಿಸ್ಕೊಳ್ಳುತ್ತೆ. ನಮ್ಮಲ್ಲಿ ಹಾಗಿಲ್ಲ. ಕೊನೇ ವರಸೆ ಇಟ್ಟಿಗೆ ಪೂರ್ತಿ ಇದೆ. ಅದರ ಮೇಲೆ ಕಾಂಕ್ರೀಟ್ ಎಡೆಯಿಲ್ಲದೆ ಕೂತಿದೆ. ಸಿಮೆಂಟ್ ಹಾಲು ಇಟ್ಟಿಗೆ ಮೈಮೇಲೆ ಇಳಿದು ಅಲ್ಲೇ ಗಟ್ಟಿಯಾಗಿದೆ, ಗಂಜಿ ಉಕ್ಕಿ ಪಾತ್ರೆ ಹೊರಗಡೆ ಇಳಿದು ಒಣಗಿರುತ್ತಲ್ಲ, ಥೇಟ್ ಹಾಗೆ.

ಮೇಸ್ತ್ರಿ ಬೆರಳಲ್ಲಿ ಒಂದ್ಸಲ ಸವರಿ ನೋಡಿದ್ರು. "ಎಂಜಿನಿಯರ್‌ಗೆ ತೋರಿಸಿಬಿಡಿ ಸಾರ್" ಅಂದ್ರು. ಅಷ್ಟು ಹೇಳಿದ್ರಲ್ಲ, ದೊಡ್ಡ ಮಾತು.

ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದ್ರು. ಮೇಡಂ ಮೊದಲು ಗೋಡೆ ಕಡೆ ತಿರುಗಿಯೂ ನೋಡಲಿಲ್ಲ, ಸೀದಾ ಟೆರೇಸ್‌ಗೆ ಹೋದ್ರು. ಅಲ್ಲಿ ಸರಿಯಾಗಿ ಈ ಗೋಡೆ ಮೇಲೇ ನಮ್ಮ ಸಾವಿರ ಲೀಟರ್ ಸಿಂಟೆಕ್ಸ್. ಅಂದ್ರೆ ನೀರೇ ಒಂದು ಟನ್. ಆಮೇಲೆ ಕೆಳಗೆ ಬಂದು, ಗೋಡೆ ಬುಡದಲ್ಲಿ ಒಂದು ಕಡೆ ನೆಲ ಅಗೆಸಿದ್ರು. ರೆಡ್ ಆಕ್ಸೈಡ್ ನೆಲ, ಅಮ್ಮ ಎದ್ದು ಹೊರಗೆ ಹೋದ್ರು, ನೋಡೋಕಾಗಲ್ಲ ಅಂತ. ಬರೀ ಪಾರ್ಟಿಷನ್ ಆದ್ರೆ ಹೆಚ್ಚಾಗಿ ನೆಲದ ಕಾಂಕ್ರೀಟ್ ಮೇಲೇ ಎಬ್ಬಿಸಿರ್ತಾರೆ. ಇಲ್ಲಿ ಅಗೆದಂಗೆಲ್ಲಾ ಸೈಜು ಕಲ್ಲು ಸಿಕ್ತು. ಪಾಯದಿಂದಲೇ ಎದ್ದಿರೋ ಗೋಡೆ.

ಕೊನೇಗೆ ಇಸ್ತ್ರಿ ಪೆಟ್ಟಿಗೆ ಥರದ್ದೊಂದು ಯಂತ್ರ ಸೀಲಿಂಗ್ ಮೇಲೆ ಓಡಿಸಿದ್ರು, ಒಳಗಿನ ಕಂಬಿ ಹುಡುಕೋದು. ಎರಡೂ ದಿಕ್ಕಿಗೂ ಕಂಬಿ ಇತ್ತು. ಹಾಲ್ ಅಳತೆ 11ಕ್ಕೆ 15 ಅಡಿ. ಉದ್ದ ಅಗಲದ ಎರಡು ಪಟ್ಟಿಗಿಂತ ಕಮ್ಮಿ ಇದ್ದು ಸುತ್ತ ಗೋಡೆ ಇದ್ರೆ ಮೋಲ್ಡ್ ತನ್ನ ಭಾರಾನ ನಾಲ್ಕೂ ಗೋಡೆಗೆ ಹಂಚುತ್ತೆ, ಉದ್ದದ ಗೋಡೆಗೆ ಸ್ವಲ್ಪ ಜಾಸ್ತಿ. ನಮ್ಮ ಗೋಡೆ ಆ 15 ಅಡಿ ಉದ್ದದ್ದು. ಆ ಕಡೆ ಹಾಲ್, ಈ ಕಡೆ 9 ಅಡಿ ಅಗಲದ ಅಡುಗೆಮನೆ, ಎರಡರ ಪಾಲೂ ಸೇರಿ ಹೆಚ್ಚುಕಮ್ಮಿ 100 ಚದರಡಿ ತಾರಸಿ ಇದರ ತಲೆ ಮೇಲೆ. 5 ಇಂಚಿನ ಮೋಲ್ಡ್ ಅಂದ್ರೆ ಬರೀ ಕಾಂಕ್ರೀಟೇ 3 ಟನ್ ಹತ್ರ. ಟ್ಯಾಂಕು, ಸಂಕ್ರಾಂತಿಗೆ ಮೇಲೆ ಹತ್ತೋ ನಮ್ಮ ನೆಂಟರು, ಅದೆಲ್ಲಾ ಬೇರೆ.

"ಗೋಡೆ ತೆಗೆದ್ರೂ ಮೇಲೆ ಕಂಬಿ ಇದೆಯಲ್ಲ ಮೇಡಂ, ಹಿಡ್ಕೊಳ್ಳಲ್ವಾ?" ಅಂತ ಕೇಳಿದೆ. ಅವರು ಮೂಲೇಲಿದ್ದ ತೆಂಗಿನ ಕಡ್ಡಿ ಪೊರಕೆಯಿಂದ ಒಂದು ಕಡ್ಡಿ ಎಳೆದ್ರು. ಮೂರು ಲೋಟ ಬೋರಲು ಹಾಕಿ ಅದರ ಮೇಲಿಟ್ಟು ಎರಡೂ ಕಡೆ ಒತ್ತಿದ್ರು. ನಡುವಿನ ಲೋಟದ ಮೇಲೆ ಕಡ್ಡಿ ಬೆನ್ನು ಉಬ್ಬಿಸ್ತು. ಅಲ್ಲಿ ಎಳೆತ ಇರೋದು ಮೇಲ್ಗಡೆ, ಅದಕ್ಕೆ ಗೋಡೆ ನೆತ್ತಿ ಹತ್ರ ಕಂಬೀನ ಮೋಲ್ಡ್‌ನ ಮೇಲ್ಭಾಗದಲ್ಲಿ ಕಟ್ಟಿರ್ತಾರೆ. ನಡುವಿನ ಲೋಟ ತೆಗೆದ್ರು. ಕಡ್ಡಿ ಕೆಳಕ್ಕೆ ಬಾಗ್ತು. ಈಗ ಎಳೆತ ಪೂರ್ತಿ ಕೆಳಗೆ. ಅಲ್ಲಿರೋ ಕಂಬಿ 11 ಅಡಿ ಲೆಕ್ಕದಲ್ಲಿ ಹಾಕಿದ್ದು, ಗೋಡೆ ಹೋದ್ರೆ 20 ಅಡಿ. ಅಂತರ ಎರಡು ಪಟ್ಟಾದ್ರೆ ಬಾಗಿಸೋ ಒತ್ತಡ 4 ಪಟ್ಟು, ಜೋಲು ಬೀಳೋದು 16 ಪಟ್ಟು. ನಮ್ಮಲ್ಲಿ ಪಕ್ಕದ ಗೋಡೆಗಳೂ ಒಂದಷ್ಟು ಹೊರೋದ್ರಿಂದ ಅಷ್ಟು ಆಗಲ್ಲ, ಆದ್ರೂ ಆ ಕಂಬಿ ಲೆಕ್ಕ ಮೀರುತ್ತೆ. ಗೋಡೆ ತೆಗೆದ ದಿನವೇ ಬಿದ್ದುಬಿಡುತ್ತೆ ಅಂತೇನಿಲ್ಲ. ಮೋಸ ಇರೋದೇ ಅಲ್ಲಿ. ಅವತ್ತು ಬಿದ್ದಿಲ್ಲ ಅಂತ ಮೇಸ್ತ್ರಿ ಗೆದ್ದೆ ಅಂದ್ಕೊಂಡು ಮುಂದಿನ ಮನೆಗೆ ಹೋಗಿರ್ತಾರೆ.

ಇನ್ನೊಂದು ಮಾತು ಹೇಳಿದ್ರು, ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಕಟ್ಟಿದ ನಿಜವಾದ ಪಾರ್ಟಿಷನ್ ಆದ್ರೂ, ವರ್ಷಗಟ್ಟಲೆ ಮೋಲ್ಡ್ ಚೂರು ಚೂರೇ ಇಳಿದು ಅದರ ಮೇಲೆ ಒರಗಿರಬಹುದು. ಹಾಗಾಗಿ ಅಮ್ಮನ ನೆನಪು ಉಲ್ಟಾ ಇದ್ದಿದ್ರೂ ಇವರನ್ನ ಕರೀಲೇಬೇಕಿತ್ತು.

ಪಿಲ್ಲರ್, ಬೀಮ್ ಇರೋ ಈಗಿನ ಮನೆಗಳ ಕಥೆ ಬೇರೆ, ಅಲ್ಲಿ ಒಳಗಿನ ಇಟ್ಟಿಗೆ ಗೋಡೆ ಬಹಳ ಸಲ ತೆಗೀಬಹುದು, ಕೇಳ್ಕೊಂಡು. ಅಪಾರ್ಟ್‌ಮೆಂಟ್‌ನವರು ಮಾತ್ರ ಹುಷಾರು. ಮೈವಾನ್ ಅಂತಾರಲ್ಲ, ಗೋಡೆ, ಮೋಲ್ಡ್ ಎಲ್ಲಾ ಒಟ್ಟಿಗೆ ಕಾಂಕ್ರೀಟ್‌ನಲ್ಲಿ ಎರಕ ಹೊಯ್ದಿರೋದು. ಅಲ್ಲಿ ತೆಳ್ಳಗಿರೋ ಗೋಡೆನೂ ಇಡೀ ಬಿಲ್ಡಿಂಗ್‌ನ ಕಾಲು.

ನಮ್ಮ ಗೋಡೆ ಏನಾಯ್ತು? ಪೂರ್ತಿ ತೆಗೀಬೇಕು ಅಂದ್ರೆ ಎರಡು ತುದಿಗೆ ಪಾಯದಿಂದ ಪಿಲ್ಲರ್ ಎಬ್ಬಿಸಿ, ಮಧ್ಯೆ ಕಬ್ಬಿಣದ ಬೀಮ್ ಕೊಟ್ಟು, ಅಲ್ಲೀವರೆಗೂ ಮೋಲ್ಡ್‌ನ ಎರಡೂ ಕಡೆ ಜಾಕಿ ಮೇಲೆ ನಿಲ್ಲಿಸಬೇಕು. ಆಗುತ್ತೆ, ಆದ್ರೆ ನಮ್ಮ ಜೇಬಿಗಲ್ಲ. 4 ಅಡಿ ಅಗಲದ ಕಿಂಡಿಗೆ ಒಪ್ಕೊಂಡ್ವಿ. ಅದಕ್ಕೂ ಜಾಕಿ ಬೇಕು, ಮೇಲೆ ಲಿಂಟಲ್ ಬೇಕು, ಲಿಂಟಲ್ ಎರಡೂ ಪಕ್ಕ ಕಮ್ಮಿ ಅಂದ್ರೂ 6 ಇಂಚು ಗೋಡೆ ಒಳಗೆ ಕೂರಬೇಕು. ಟ್ಯಾಂಕು ಹೊರಗಿನ 9 ಇಂಚಿನ ಗೋಡೆ ಮೂಲೆಗೆ ಹೋಯ್ತು.

ಗುರುತು ಹಾಕೋಕೆ ಮೇಸ್ತ್ರಿ ನೀಲಿ ದಾರ ಹಿಡಿದು ನಿಂತಾಗ ಅಮ್ಮ ಕೇಳಿದ್ದು ಒಂದೇ, ಕ್ಯಾಲೆಂಡರ್ ಮೊಳೆ ಉಳಿಯುತ್ತಾ ಅಂತ. ಉಳಿಯುತ್ತೆ. ಮೇಸ್ತ್ರಿ ಅಳತೆ ಶುರು ಮಾಡಿದ್ದೇ ಆ ಮೊಳೆಯಿಂದ.