ಎಲ್ಲರ ಲೆಕ್ಕ ಪಕ್ಕಾ, ಅಕೌಂಟೆಂಟ್ ಲೆಕ್ಕ ಬಾಕಿ

[ದೃಶ್ಯ: ರಾತ್ರಿ. ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಬಿಲ್ಲುಗಳ ಕಟ್ಟು]

ರಾತ್ರಿ 11 ಗಂಟೆ. ಬ್ಯಾಂಕ್ ಸ್ಟೇಟ್‌ಮೆಂಟಿಗೂ ಲೆಕ್ಕದ ಪುಸ್ತಕಕ್ಕೂ 180 ರೂಪಾಯಿ ವ್ಯತ್ಯಾಸ. ಪಳಗಿದ ಅಕೌಂಟೆಂಟ್ ಮೊದಲು ಏನು ಮಾಡುತ್ತಾರೆ ಗೊತ್ತಾ? 180ನ್ನು 9ರಿಂದ ಭಾಗಿಸುತ್ತಾರೆ. ಶೇಷ ಉಳಿಯದಿದ್ದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು.

[ಸ್ಕ್ರೀನ್ ಮೇಲೆ: 5,420 – 5,240 = 180]

ಸಿಕ್ಕಿತು ನೋಡಿ! ಇಷ್ಟು ಚುರುಕು ಕಣ್ಣಿನವರನ್ನೇ, "ಈ ಕ್ಲೈಂಟ್ ಕೆಲಸಕ್ಕೆ ಹೋದ ತಿಂಗಳು ಎಷ್ಟು ಗಂಟೆ ಹಿಡಿಯಿತು?" ಎಂದು ಕೇಳಿ. ತಲೆ ಕೆರೆದುಕೊಳ್ಳುತ್ತಾರೆ. ದೀಪದ ಬುಡದಲ್ಲೇ ಕತ್ತಲೆ.

ನಮಸ್ಕಾರ. ಒಬ್ಬರೋ ಇಬ್ಬರೋ ಸೇರಿ ನಡೆಸುವ ಅಕೌಂಟಿಂಗ್ ಆಫೀಸಿನ ಕಷ್ಟಗಳನ್ನು ಇವತ್ತು ನೋಡೋಣ. ಹೊಸ ಕ್ಲೈಂಟ್ ಸಿಗುವುದಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ತೊಂದರೆ, ಇರುವ ಕ್ಲೈಂಟ್‌ಗಳ ಕೆಲಸದಲ್ಲೇ ದುಡಿಮೆ ಸೋರಿ ಹೋಗುವುದು.

[ದೃಶ್ಯ: ಫೋನ್ ರಿಂಗ್]

"ಒಂದೇ ನಿಮಿಷ ಸರ್, ಸಣ್ಣ ಡೌಟು." ಆ ಒಂದು ನಿಮಿಷ ಹತ್ತು ನಿಮಿಷವಾಗುತ್ತದೆ. ತಿಂಗಳಿಗೆ 4 ಗಂಟೆ ಕೆಲಸ ಎಂದು ಫೀಸ್ ಹೇಳಿದ್ದೀರಿ ಅಂದುಕೊಳ್ಳಿ. ವಾರಕ್ಕೆ ಇಂಥ ಮೂರು ಫೋನ್ ಬಂದರೆ ತಿಂಗಳಿಗೆ 2 ಗಂಟೆ. 4 ಹೋಗಿ 6 ಆಯಿತು, ಫೀಸ್ ಮಾತ್ರ ಅಷ್ಟೇ. ಗಂಟೆಯ ಲೆಕ್ಕದಲ್ಲಿ ಮೂರನೇ ಒಂದು ಪಾಲು ದುಡಿಮೆ ಹೋಯಿತು. ಫೋನ್ ಇಟ್ಟ ಮೇಲೆ ಯಾವ ವೋಚರ್‌ನಲ್ಲಿದ್ದೆ ಎಂದು ಹುಡುಕುವ ಹೊತ್ತು ಬೇರೆ!

ದುಡ್ಡು ಕೇಳಲು ಮುಲಾಜು, ಅಲ್ವಾ? ಅದಕ್ಕೇ ಕೆಲಸ ಶುರು ಮಾಡುವ ಮೊದಲೇ ಎಂಗೇಜ್‌ಮೆಂಟ್ ಲೆಟರ್ ಬರೆದು ಸಹಿ ಹಾಕಿಸಿಕೊಳ್ಳಬೇಕು. ಯಾವ ಕೆಲಸ ಫೀಸಿನಲ್ಲಿ ಸೇರಿದೆ, ಯಾವುದಕ್ಕೆ ಬೇರೆ ಬಿಲ್, ಕಾಗದಪತ್ರ ಯಾವಾಗ ಕೊಡಬೇಕು, ಎಲ್ಲವೂ ಅದರಲ್ಲಿರಲಿ. ವರ್ಷಕ್ಕೊಮ್ಮೆ ಅದನ್ನು ತೆಗೆದು ನೋಡಿ. 50 ಬಿಲ್ ಇದ್ದಾಗ ಒಪ್ಪಿದ ಫೀಸಿಗೇ ಈಗ 300 ಬಿಲ್ ಬರೆಯುತ್ತಿರಬಹುದು.

ಇನ್ನು ಡ್ಯೂ ಡೇಟ್, ಅಂದರೆ ರಿಟರ್ನ್ ಸಲ್ಲಿಸುವ ಕೊನೇ ದಿನ. ಕೊನೇ ದಿನದ ಹಿಂದಿನ ರಾತ್ರಿ ಮುದುಡಿದ ಬಿಲ್ಲಿನ ಮಸುಕು ಫೋಟೋ ಬರುತ್ತದೆ. ಮೊತ್ತ ಕಾಣುತ್ತದೆ, ತಾರೀಖು ಕಾಣುವುದಿಲ್ಲ. ನಿಮ್ಮದೇ ಒಂದು ಗಡುವು ಎರಡು ವಾರ ಮೊದಲು ಇಟ್ಟುಕೊಳ್ಳಿ. ತಪ್ಪಿಸಿದವರ ಫೈಲು ಸಾಲಿನ ಕೊನೆಗೆ ಹೋಗಲಿ. ಮೊದಲ ವರ್ಷ ಕಷ್ಟ, ಏಕೆಂದರೆ ತಡಮಾಡುವವರೇ ಎಷ್ಟೋ ಸಲ ದೊಡ್ಡ ಕ್ಲೈಂಟ್!

ಬಾಕಿ ವಸೂಲಿ ಇನ್ನೊಂದು ತಲೆನೋವು. ಬರಬೇಕಾದ ಬಾಕಿಯನ್ನು ವರ್ಷದ ಒಟ್ಟು ಬಿಲ್ಲಿನಿಂದ ಭಾಗಿಸಿ 365ರಿಂದ ಗುಣಿಸಿ. ದುಡ್ಡು ಕೈಸೇರಲು ಸರಾಸರಿ ಎಷ್ಟು ದಿನ ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. ಕಾಲು ಭಾಗ ಬಾಕಿ ಇದ್ದರೆ ಸುಮಾರು 91 ದಿನ. ಅಂದರೆ ಮೂರು ತಿಂಗಳು ನೀವು ಸಾಲ ಕೊಟ್ಟಂತೆ, ಅದೂ ಬಡ್ಡಿಯಿಲ್ಲದೆ. ತಪ್ಪು ಅವರದ್ದಷ್ಟೇ ಅಲ್ಲ. ಕೆಲಸ ಮುಗಿದು ಎರಡು ತಿಂಗಳಾದ ಮೇಲೆ ಬಿಲ್ ಕಳಿಸುವುದು ನಾವೇ.

ಈಗ ಜಾಸ್ತಿ ಯಾರೂ ಮಾತಾಡದ ವಿಷಯ. ಅರ್ಧ ಆದಾಯ ಒಬ್ಬನೇ ಕ್ಲೈಂಟ್‌ನಿಂದ ಬಂದರೆ ಏನಾಗುತ್ತದೆ? "ಈ ಖರ್ಚನ್ನೂ ಸೇರಿಸಿಬಿಡಿ, ಬಿಲ್ ಆಮೇಲೆ ಕೊಡುತ್ತೇನೆ" ಎಂದಾಗ ಬಾಯಿ ಕಟ್ಟುತ್ತದೆ. ಆಡಿಟ್ ಮಾಡುವವರಿಗೆ ಅಂತರರಾಷ್ಟ್ರೀಯ ನೀತಿಸಂಹಿತೆ ಇದನ್ನು ಅಂಕಿಯಲ್ಲೇ ಹೇಳುತ್ತದೆ. ಒಬ್ಬ ಸಾಮಾನ್ಯ ಆಡಿಟ್ ಕ್ಲೈಂಟ್‌ನ ಫೀಸು ಸತತ 5 ವರ್ಷ ಆಫೀಸಿನ ಒಟ್ಟು ಫೀಸಿನ ಶೇ. 30 ದಾಟಿದರೆ, ಹೊರಗಿನ ಅಕೌಂಟೆಂಟ್‌ನಿಂದ ಆ ಕೆಲಸವನ್ನು ಪರಿಶೀಲಿಸುವಂಥ ಕ್ರಮದ ಬಗ್ಗೆ ಯೋಚಿಸಬೇಕು. ಆಡಿಟ್ ಮಾಡದವರೂ ತಮ್ಮ ಲೆಕ್ಕ ಒಮ್ಮೆ ನೋಡಿಕೊಳ್ಳಬಹುದು.

ಮೋಸದ ಇಮೇಲ್ ಬಗ್ಗೆಯೂ ಎಚ್ಚರ. ಹಣ ಪಡೆಯಬೇಕಾದವರ ಹೆಸರಿನಲ್ಲಿ "ಬ್ಯಾಂಕ್ ಖಾತೆ ನಂಬರ್ ಬದಲಾಗಿದೆ" ಎಂಬ ಇಮೇಲ್ ಬಂದರೆ, ನಿಮ್ಮ ಬಳಿ ಮೊದಲೇ ಇದ್ದ ಫೋನ್ ನಂಬರಿಗೆ ಕರೆ ಮಾಡಿ ಕೇಳಿ. ಇಮೇಲಿನಲ್ಲಿರುವ ನಂಬರಿಗೆ ಬೇಡ.

[ದೃಶ್ಯ: ಖಾಲಿ ಕುರ್ಚಿ, ಲಾಕ್ ಆದ ಲ್ಯಾಪ್‌ಟಾಪ್]

ಕೊನೆಗೆ ಈ ಕುರ್ಚಿ. ಒಬ್ಬರೇ ನಡೆಸುವ ಆಫೀಸಿನಲ್ಲಿ ಆ ಒಬ್ಬರು ಹದಿನೈದು ದಿನ ಮಲಗಿದರೆ ಪಾಸ್‌ವರ್ಡ್ ಯಾರಿಗೆ ಗೊತ್ತು? ಯಾರ ಕೆಲಸ ಎಲ್ಲಿಗೆ ನಿಂತಿದೆ? ನಂಬಿಕೆಯ ಇನ್ನೊಬ್ಬ ಅಕೌಂಟೆಂಟ್ ಜೊತೆ ಮೊದಲೇ ಮಾತಾಡಿಕೊಳ್ಳಿ: ನಿನಗಾಗದಿದ್ದಾಗ ನಾನು, ನನಗಾಗದಿದ್ದಾಗ ನೀನು. ಇದನ್ನೂ ಎಂಗೇಜ್‌ಮೆಂಟ್ ಲೆಟರ್‌ನಲ್ಲಿ ಬರೆದಿಡಿ. ಕ್ಲೈಂಟ್‌ನ ಪುಸ್ತಕವನ್ನು ಮೂರನೆಯವರು ತೆರೆಯಬೇಕಾದರೆ ಕ್ಲೈಂಟ್‌ನ ಒಪ್ಪಿಗೆ ಬೇಕಲ್ವಾ?