ಇಪ್ಪತ್ತಾರರ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ 14 ವರ್ಷ ಸಂಬಳದ ಲೆಕ್ಕ ಬರೆದವಳು ನಾನು. ತಿಂಗಳು ಅಂದರೆ ನನಗೆ ಎರಡೇ ತಾರೀಖು. 7ರೊಳಗೆ ಸಂಬಳ ಆಗಬೇಕು. 15ರೊಳಗೆ ಕೆಲಸಗಾರರ ಪಿಎಫ್ ಉಳಿತಾಯದ, ಇಎಸ್‌ಐ ವಿಮೆಯ ದುಡ್ಡು ಕಟ್ಟಬೇಕು. ಹಬ್ಬ, ನೆಂಟರ ಮದುವೆ, ಮಗಳ ಜ್ವರ ಎಲ್ಲವೂ ಇವೆರಡರ ನಡುವೆ ಹೊಂದಿಕೊಳ್ಳಬೇಕಿತ್ತು.

2020ರಲ್ಲಿ ಲಾಕ್‌ಡೌನ್ ತೆರೆದ ಮೇಲೂ ಹೊರದೇಶದ ಆರ್ಡರ್ ಬರಲಿಲ್ಲ. ಕಾರ್ಖಾನೆ ಮುಚ್ಚಿದರು. ಕೊನೆಯ ವಾರ ನನ್ನ ಪಾಲಿಗೆ ಬಂದ ಕೆಲಸ ಎಲ್ಲರ ಗ್ರಾಚ್ಯುಟಿ ಲೆಕ್ಕ, ಅಂದರೆ ಕೆಲಸ ಬಿಡುವಾಗ ಒಟ್ಟಿಗೆ ಕೊಡುವ ದುಡ್ಡಿನ ಲೆಕ್ಕ. 5 ವರ್ಷ ತುಂಬಿದವರಿಗೆ, ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸಂಬಳ. ಕೊನೆಯ ತಿಂಗಳ ಮೂಲ ಸಂಬಳ ಮತ್ತು ತುಟ್ಟಿಭತ್ಯೆ ಸೇರಿಸಿ 26ರಿಂದ ಭಾಗಿಸಬೇಕು, 15ರಿಂದ ಗುಣಿಸಬೇಕು, ಆಮೇಲೆ ವರ್ಷಗಳಿಂದ ಗುಣಿಸಬೇಕು. ಟೈಲರ್‌ಗಳು, ಹೆಲ್ಪರ್‌ಗಳು, ಇಸ್ತ್ರಿ ಮಾಡುವವರು, ಎಲ್ಲರದ್ದೂ ಮುಗಿಯಿತು. ಕೊನೆಯ ಸಾಲಿಗೆ ನನ್ನ ಹೆಸರು ಬಂತು. 18,200ನ್ನು 26ರಿಂದ ಭಾಗಿಸಿದೆ, 700. 15 ದಿನಕ್ಕೆ 10,500. 14 ವರ್ಷಕ್ಕೆ 1,47,000. ಇನ್ನೊಮ್ಮೆ ತಾಳೆ ನೋಡಿದೆ. ಸರಿಯಾಗಿತ್ತು. ಪ್ರಿಂಟ್ ತೆಗೆದು ಸಹಿಗೆ ಇಟ್ಟೆ.

ಮುಂದಿನ ತಿಂಗಳು 15ನೇ ತಾರೀಖು ಬೆಳಿಗ್ಗೆ ಎಚ್ಚರವಾದಾಗ ಎದೆ ಧಸಕ್ ಅಂತು. ಚಲನ್ ಕಟ್ಟಿಲ್ಲವಲ್ಲ! ಒಂದು ನಿಮಿಷ ಆದ ಮೇಲೆ ನೆನಪಾಯಿತು, ಕಟ್ಟೋದಕ್ಕೆ ಈಗ ಏನೂ ಇಲ್ಲ. ಕೆಲಸ ಕಳೆದುಕೊಂಡವರಿಗೆ ಈ ಧಸಕ್ ಗೊತ್ತಿರುತ್ತದೆ, ಅಲ್ವಾ? ದುಡ್ಡಿನ ಚಿಂತೆ ಹೇಗೂ ಇರುತ್ತದೆ. ಆದರೆ ಖಾಲಿ ಬಿದ್ದ ಬೆಳಗನ್ನು ಏನು ಮಾಡುವುದು?

ಕೆಲಸ ಹುಡುಕಲು ಹೋದ ಕಡೆಯೆಲ್ಲ ನನ್ನ ವಯಸ್ಸು ಕೇಳಿದರು. ಆಮೇಲೆ ಓದು ಕೇಳಿದರು. ನಾನು ಬಿ.ಕಾಂ. 2008ರಲ್ಲಿ ದೂರಶಿಕ್ಷಣದಲ್ಲಿ ಎಂ.ಕಾಂ.ಗೆ ಸೇರಿ ಮೊದಲ ವರ್ಷ ಪಾಸಾಗಿದ್ದೆ. ಮರುವರ್ಷ ಮಗಳು ಹುಟ್ಟಿದಳು, ಓದು ಅಲ್ಲಿಗೇ ನಿಂತಿತು. ಪೆಟ್ಟಿಗೆಯಿಂದ ಹಳೆಯ ಅಂಕಪಟ್ಟಿ ತೆಗೆದುಕೊಂಡು ವಿಚಾರಿಸಿದೆ. ಕೋರ್ಸ್ ಮುಗಿಸಲು ಕೊಟ್ಟಿದ್ದ ಅವಧಿ ಎಂದೋ ದಾಟಿತ್ತು. ಮತ್ತೆ ಮೊದಲ ವರ್ಷದಿಂದಲೇ ಬರಬೇಕು ಅಂದರು. ಬಸ್‌ಸ್ಟಾಪಿನಲ್ಲಿ ನಿಂತು ಅತ್ತೆ, ಹೇಳಿಕೊಳ್ಳಲು ನಾಚಿಕೆ ಇಲ್ಲ. ಆ ಸಂಜೆ ನಮ್ಮ ಮನೆಯವರು ಹೇಳಿದ್ದು ಒಂದೇ ಮಾತು: "ಎರಡು ವರ್ಷ ಹೇಗೂ ಕಳೆಯುತ್ತೆ, ಓದಿಕೊಂಡೇ ಕಳೆಯಲಿ." ಗ್ರಾಚ್ಯುಟಿ ದುಡ್ಡಿನಲ್ಲಿ ಫೀಸು ಕಟ್ಟಿದೆ.

ಮನೆಗೆ ಇದ್ದದ್ದು ಒಂದೇ ಒಳ್ಳೆಯ ಫೋನು. ಹಗಲೆಲ್ಲ ಅದರಲ್ಲಿ ಮಗಳ ಆನ್‌ಲೈನ್ ಕ್ಲಾಸು. ರಾತ್ರಿ ಅಡುಗೆಮನೆ ತೊಳೆದ ಮೇಲೆ ನನ್ನ ಸರದಿ. ಮೊದಲ ಎರಡು ತಿಂಗಳು ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಅದರ ಮೇಲ್ಭಾಗ ಮರೆತಿರುತ್ತಿತ್ತು. ಕೈಯಲ್ಲಿ ಬರೆದು ಬರೆದು ಓದಿದೆ. ಹಾಗೆ ಓದುವಾಗ ಒಂದು ರಾತ್ರಿ ಕಾರ್ಮಿಕ ಕಾನೂನಿನ ಪಾಠದಲ್ಲಿ ಆ 26 ಸಿಕ್ಕಿತು.

14 ವರ್ಷ ಆ ಅಂಕಿಯನ್ನು ಟೈಪ್ ಮಾಡಿದ್ದೆ. ತಿಂಗಳಿಗೆ 30 ದಿನ ಇರುವಾಗ 26 ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ. ಗ್ರಾಚ್ಯುಟಿ ಕಾಯ್ದೆ ಬಂದದ್ದು 1972ರಲ್ಲಿ. ತಿಂಗಳ ಸಂಬಳದವರಿಗೆ ಎಷ್ಟರಿಂದ ಭಾಗಿಸಬೇಕು ಅಂತ ಅದರಲ್ಲಿ ಬಿಡಿಸಿ ಹೇಳಿರಲಿಲ್ಲ. ಗುಜರಾತಿನ ಒಂದು ಉಣ್ಣೆ ಗಿರಣಿಯ ಕೆಲಸಗಾರನ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ತೀರ್ಪು ಬಂತು. ವಾರದ ರಜೆ ಕಳೆದರೆ ದುಡಿಯುವ ದಿನ 26, ಹಾಗಾಗಿ 26ರಿಂದ ಭಾಗಿಸಿದ್ದು ಸರಿ ಅಂದಿತು ಕೋರ್ಟು. 1987ರಲ್ಲಿ ಅದನ್ನು ಕಾಯ್ದೆಗೇ ಸೇರಿಸಿದರು.

ಪೆನ್ನು ತೆಗೆದುಕೊಂಡು ನನ್ನದೇ ಲೆಕ್ಕವನ್ನು 30ರಿಂದ ಮಾಡಿ ನೋಡಿದೆ. 1,27,400 ಬಂತು. ಅಂದರೆ 19,600 ರೂಪಾಯಿ ಕಡಿಮೆ. ನಾನು ಕಟ್ಟಿದ ಫೀಸಿನ ಒಂದು ಭಾಗ, ಎಂದೋ ಯಾರೋ ಕೋರ್ಟಿಗೆ ಅಲೆದು ಗಳಿಸಿಕೊಟ್ಟದ್ದು! ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಕೈ ಮಾಡುತ್ತಿದ್ದ ಕೆಲಸ ಏನೆಂದು ನನಗೆ ಅವತ್ತು ಗೊತ್ತಾಯಿತು.

ಅದೇ ಹೊತ್ತಿಗೆ ಹಳೆಯ ಟೈಲರ್‌ಗಳ ಫೋನು ಶುರುವಾಗಿತ್ತು. "ಮೇಡಂ, ಪಿಎಫ್ ಅರ್ಜಿ ವಾಪಸ್ ಬಂದಿದೆ" ಅನ್ನುತ್ತಿದ್ದರು. ಹೆಚ್ಚಿನದೆಲ್ಲ ಹೆಸರಿನ ಗೋಳು. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಿಎಫ್‌ನಲ್ಲಿ ಬರೀ ಲಕ್ಷ್ಮಿ. ಒಬ್ಬೊಬ್ಬರದೇ ಸರಿಮಾಡಿಸುತ್ತಾ ಹೋದೆ. ಇಎಸ್‌ಐ ಇದ್ದವರಿಗೆ ಕೆಲಸ ಹೋದರೆ 90 ದಿನಗಳವರೆಗೆ ಭತ್ಯೆ ಕೊಡುವ ಯೋಜನೆ ಇತ್ತು. ಅದನ್ನು 2020ರಲ್ಲಿ ದಿನದ ಸರಾಸರಿ ಸಂಬಳದ ಶೇ 25ರಿಂದ ಶೇ 50ಕ್ಕೆ ಏರಿಸಿದ್ದರು. ಇಷ್ಟು ದೊಡ್ಡ ವಿಷಯ ಎಷ್ಟೋ ಹೆಂಗಸರಿಗೆ ಗೊತ್ತೇ ಇರಲಿಲ್ಲ. ಅದಕ್ಕೂ ಅರ್ಜಿ ಹಾಕಿಸಿದೆ.

ಎಂ.ಕಾಂ. ಮುಗಿದ ಮೇಲೂ ತಕ್ಷಣ ಕೆಲಸ ಸಿಗಲಿಲ್ಲ. ಇದನ್ನು ಮುಚ್ಚಿಡಬಾರದು. ನಾಲ್ಕು ಕಡೆ ಬೇಡ ಅಂದರು. ಐದನೆಯದು ಯಂತ್ರದ ಬಿಡಿಭಾಗ ಮಾಡುವ ಚಿಕ್ಕ ಕಾರ್ಖಾನೆ. "ಈ ವಯಸ್ಸಲ್ಲಿ ಯಾಕಮ್ಮ ಎಂ.ಕಾಂ. ಮಾಡಿದ್ರಿ?" ಅಂತ ಮಾಲೀಕರು ಕೇಳಿದರು. ನಾನು 26ರ ಕಥೆ ಹೇಳಿದೆ. ಅವರು ಸುಮ್ನೆ ಎದ್ದು ಹೋಗಿ ಒಂದು ಫೈಲು ತಂದರು. ಕೆಲಸ ಬಿಟ್ಟಿದ್ದ ಇಬ್ಬರಿಗೆ 30ರಿಂದಲೇ ಭಾಗಿಸಿ ಕೊಟ್ಟಿದ್ದರು! ಸೋಮವಾರದಿಂದ ಬನ್ನಿ ಅಂದರು. ಆ ಇಬ್ಬರಿಗೆ ಬಾಕಿ ಕೊಡಿಸಿದ್ದೇ ಅಲ್ಲಿ ನನ್ನ ಮೊದಲ ಕೆಲಸ. ಸಂಬಳ ಹಳೆಯದಕ್ಕಿಂತ 3,000 ಕಡಿಮೆ ಇತ್ತು. ಒಪ್ಪಿಕೊಂಡೆ.

ಓದು ಮುಂದುವರಿಸುವ ಮನಸ್ಸಿರುವವರಿಗೆ ಒಂದೆರಡು ವಿಷಯ. ದೂರಶಿಕ್ಷಣದ ಪದವಿಗೆ ಬೆಲೆ ಇಲ್ಲ ಅಂತ ಹೆದರಿಸುವವರು ಜಾಸ್ತಿ. ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಅಂತ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಆದರೆ ಫೀಸು ಕಟ್ಟುವ ಮುಂಚೆ, ಆ ಕೋರ್ಸಿಗೆ ಆ ವರ್ಷ ಮಾನ್ಯತೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ನೀವೇ ನೋಡಿ. ಏಜೆಂಟರ ಮಾತು ನಂಬಬೇಡಿ. ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ಮೈಸೂರಿನಲ್ಲಿದೆ. "ಉನ್ನತ ಶಿಕ್ಷಣ ಎಲ್ಲರಿಗೂ, ಎಲ್ಲೆಡೆ" ಅನ್ನುವುದು ಅದರ ಮಾತು. ಇನ್ನೊಂದು, ಕೋರ್ಸ್ ಮುಗಿಸಲು ಎಷ್ಟು ವರ್ಷ ಅವಕಾಶ ಅಂತ ಸೇರುವ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ನಾನು ಕೇಳಿರಲಿಲ್ಲ.

ಹಳೆಯ ಕಾರ್ಖಾನೆಯ ಟೈಲರ್ ಒಬ್ಬಳು, ಪಿಯುಸಿ ಪಾಸಾದವಳು, ಹೋದ ವಾರ ಮನೆಗೆ ಬಂದಿದ್ದಳು. "ಮೇಡಂ, ನಾನೂ ಬಿ.ಎ. ಕಟ್ಟಬಹುದಾ?" ಅಂದಳು. ಈ ಭಾನುವಾರ ಇಬ್ಬರೂ ಕೂತು ಅರ್ಜಿ ತುಂಬುತ್ತೇವೆ. ಅವಳ ಆಧಾರ್‌ನಲ್ಲಿ ಇನಿಷಿಯಲ್ ಇದೆ, ಅಂಕಪಟ್ಟಿಯಲ್ಲಿ ಇಲ್ಲ. ಮೊದಲು ಅದನ್ನು ಸರಿಮಾಡಿಸಬೇಕು.

ನಮಸ್ಕಾರ.