ಗಡಿಯಾರದ ಹೊಟ್ಟೆಯೊಳಗೆ ಯಾರ ಯಂತ್ರ?

ನಮಸ್ಕಾರ. ದುಬಾರಿ ಕೈಗಡಿಯಾರ ರಿಪೇರಿಗೆ ತರುವವರು ಹೆಮ್ಮೆಯಿಂದ ಒಂದು ಮಾತು ಹೇಳುತ್ತಾರೆ: ‘ಇದರ ಮೂವ್‌ಮೆಂಟ್ ಇನ್-ಹೌಸ್ ಸಾರ್.’ ಅಂದರೆ ಒಳಗಿನ ಯಂತ್ರವನ್ನು ಕಂಪನಿ ಹೊರಗಿಂದ ಕೊಂಡಿಲ್ಲ, ತಾನೇ ಮಾಡಿದೆ ಅಂತ. ಸರಿ ಸ್ವಾಮಿ, ಯಾರು ಮಾಡಿದರು ಅನ್ನೋದು ಹಾಗಿರಲಿ, ಹೇಗೆ ಮಾಡಿದ್ದಾರೆ ನೋಡಿ.

ನನಗೆ ಬಹಳ ಇಷ್ಟವಾದ ಕಥೆ ಒಂದಿದೆ. ಸ್ವಿಟ್ಜರ್ಲೆಂಡಿನ ಜೇಜರ್-ಲಕೂಲ್ಟರ್ ಕಂಪನಿ 1967ರಲ್ಲಿ 920 ಅನ್ನುವ ಯಂತ್ರ ತಂದಿತು. ಕೀ ಕೊಡಬೇಕಿಲ್ಲ, ಕೈ ಆಡಿದರೆ ಸಾಕು. ದಪ್ಪ ಎಷ್ಟು ಗೊತ್ತಾ? 2.45 ಮಿಲಿಮೀಟರ್! ಒಳಗೆ ತಿರುಗುವ ತೂಕದ ಅಂಚಿಗೆ ಮಾಣಿಕ್ಯದ ಪುಟಾಣಿ ಗಾಲಿಗಳ ಆಸರೆ. ಅದನ್ನು ನೋಡುತ್ತಾ ಕೂತರೆ ನಾನು ಕೆಲಸವನ್ನೇ ಮರೆಯುತ್ತೇನೆ.

ಇದನ್ನು ಕೊಂಡವರು ಯಾರು? ಆಡಮಾರ್ಸ್ ಪಿಗೆ ಕಂಪನಿ 1972ರ ರಾಯಲ್ ಓಕ್ ಗಡಿಯಾರಕ್ಕೆ ಹಾಕಿಕೊಂಡಿತು. ಪಟೆಕ್ ಫಿಲಿಪ್ 1976ರ ನಾಟಿಲಸ್‌ಗೆ. ಮರುವರ್ಷ ವಾಷರಾನ್ ಕಾನ್‌ಸ್ಟಾಂಟಿನ್ ತನ್ನ 222 ಅನ್ನುವ ಗಡಿಯಾರಕ್ಕೆ. ಮೂವರೂ ಬಿಡಿಭಾಗಗಳನ್ನು ಉಜ್ಜಿ, ಅಂಚು ತೀಡಿ, ತಮ್ಮದೇ ನಂಬರ್ ಕೊಟ್ಟರು. ಜೇಜರ್-ಲಕೂಲ್ಟರ್ ಮಾತ್ರ ಅದನ್ನು ತನ್ನ ಹೆಸರಿನ ಗಡಿಯಾರಕ್ಕೆ ಹಾಕಲೇ ಇಲ್ಲ! ಅಡುಗೆಯವನು ತಾನು ಉಣ್ಣದೆ ಊರಿಗೆಲ್ಲ ಬಡಿಸಿದ ಹಾಗೆ. ಈಗ ಹೇಳಿ, ಆ ಮೂರು ಗಡಿಯಾರ ಕಳಪೆಯಾ? ಇವತ್ತಿಗೂ ಜನ ಅವಕ್ಕೆ ಮುಗಿಬೀಳುತ್ತಾರೆ.

ಅಯ್ಯೋ, ಇದರಲ್ಲೇ ಅರ್ಧ ಸಮಯ ಹೋಯಿತು. ಬೇಗ ಹೇಳುತ್ತೇನೆ. ರೋಲೆಕ್ಸ್ ಕೂಡ 1988ರಿಂದ 2000ದವರೆಗೆ ತನ್ನ ಡೇಟೋನಾ ಗಡಿಯಾರಕ್ಕೆ ಜೆನಿತ್ ಕಂಪನಿಯ ಯಂತ್ರ ಕೊಂಡಿತು. ಸುಮ್ನೆ ಕೊಂಡು ಹಾಕಲಿಲ್ಲ. ಗಂಟೆಗೆ 36,000 ಬಡಿತ ಇದ್ದದ್ದನ್ನು 28,800ಕ್ಕೆ ಇಳಿಸಿತು, ಒಳಗೆ ಬಹಳಷ್ಟು ಬದಲಾಯಿಸಿತು. 2000ದಲ್ಲಿ ತನ್ನದೇ ಯಂತ್ರ 4130 ತಂದಿತು.

ಹಾಗಾದರೆ ಎಲ್ಲರಿಗೂ ಸ್ವಂತ ಯಂತ್ರದ ಹುಚ್ಚು ಯಾಕೆ ಹಿಡಿಯಿತು? ಭಯ. ಸ್ವಾಚ್ ಗುಂಪಿನ ಈಟಿಎ ಕಂಪನಿ ಬಹಳಷ್ಟು ಬ್ರ್ಯಾಂಡ್‌ಗಳಿಗೆ ಯಂತ್ರ ಕೊಡುತ್ತಿತ್ತು. 2002ರಲ್ಲಿ, ಇನ್ನು ಹೊರಗಿನವರಿಗೆ ಪೂರೈಕೆ ಕಡಿಮೆ ಮಾಡುತ್ತೇವೆ ಅಂದಿತು. ಎಲ್ಲರ ಎದೆ ಧಸಕ್ ಅಂತು. ಹೊಸ ಯಂತ್ರ ರೂಪಿಸಿ, ಪರೀಕ್ಷಿಸಿ, ಕಾರ್ಖಾನೆ ಹಾಕೋದು ವರ್ಷಗಳ ಕೆಲಸ. ಅದಕ್ಕೇ ಟ್ಯೂಡರ್, ಬ್ರೈಟ್ಲಿಂಗ್ ಕಂಪನಿಗಳು ತಮ್ಮ ಯಂತ್ರಗಳನ್ನು ಅದಲುಬದಲು ಮಾಡಿಕೊಂಡವು. ಜಾಣತನ, ಅಲ್ವಾ?

ಇನ್ನು ಗಡಿಯಾರದ ಬಡಿತವನ್ನು ಹದದಲ್ಲಿಡುವ, ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್. ‘ಎಲ್ಲಾ ನಮ್ಮದೇ’ ಅನ್ನುವ ಎಷ್ಟೋ ಕಂಪನಿಗಳು ಅದನ್ನು ಹೊರಗಿಂದಲೇ ತರುತ್ತವೆ. ಕೊಳ್ಳುವಾಗ ಇನ್-ಹೌಸಾ ಅಂತ ಕೇಳಬೇಡಿ. ಹತ್ತು ವರ್ಷ ಬಿಟ್ಟು ಇದರ ಬಿಡಿಭಾಗ ಯಾರು ಕೊಡುತ್ತಾರೆ ಅಂತ ಕೇಳಿ. ಅಲ್ಲಿ ಕೈ ಸನ್ನೆ ಮಾಡುತ್ತಿದ್ದಾರೆ, ಸಮಯ ಮುಗಿಯಿತಂತೆ. ನಮಸ್ಕಾರ.